ಬೈಕಿನ ಚಾಸಿ ನೆಟ್ಟಗಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ಬಿದ್ದ ಮೇಲೆ, ದೊಡ್ಡ ಗುಂಡಿಗೆ ಇಳಿದ ಮೇಲೆ, ಇಲ್ಲವೇ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಎಲ್ಲರಿಗೂ ಬರುವ ಅನುಮಾನ ಒಂದೇ: ಚಾಸಿ ಬೆಂಡ್ ಆಗಿರಬಹುದಾ? ನನ್ನ ಮತ್ತು ನೆಂಟರಿಷ್ಟರ ಗಾಡಿಗಳನ್ನು ಎಷ್ಟೋ ವರ್ಷದಿಂದ ನಾನೇ ಬಿಚ್ಚಿ ಕಟ್ಟುತ್ತಿದ್ದೇನೆ. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ್ದಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಒಂದು ಉಂಡೆ ನೈಲಾನ್ ದಾರ, ಒಂದು ಸ್ಟೀಲ್ ಸ್ಕೇಲು, ಅಳತೆ ಟೇಪು, ಗಾರೆ ಕೆಲಸದವರ ತೂಕದ ಗುಂಡು, ಒಂದೆರಡು ಗಂಟೆ ಬಿಡುವು. ಇಷ್ಟಿದ್ದರೆ ಸಾಕು.

ಬಿದ್ದ ಮೇಲೆ ಹ್ಯಾಂಡಲ್ ಒಂದು ಕಡೆ ತಿರುಗಿ ನಿಂತಿದೆ. ಚಾಸಿ ಹೋಯ್ತಾ?

ಹೆಚ್ಚಿನ ಸಲ ಇಲ್ಲ. ಚಕ್ರ ನೇರ ಇದ್ದು ಹ್ಯಾಂಡಲ್ ಮಾತ್ರ ಸೊಟ್ಟ ಕಂಡರೆ, ಫೋರ್ಕ್ ಪೈಪುಗಳು ಟೀ ಒಳಗೆ ತಿರುಚಿಕೊಂಡಿರುತ್ತವೆ. ಎರಡು ಫೋರ್ಕುಗಳನ್ನು ಹಿಡಿದಿರುವ ಮೇಲಿನ ಮತ್ತು ಕೆಳಗಿನ ಪಟ್ಟಿಗಳಿಗೆ ಗ್ಯಾರೇಜಿನಲ್ಲಿ ಟೀ ಅನ್ನುತ್ತಾರೆ. ಅಲ್ಲಿ ಬೋಲ್ಟಿನ ಹಿಡಿತ ಬಿಟ್ಟರೆ ಬೇರೇನೂ ಇಲ್ಲ. ಗಾಡಿ ಮಗ್ಗುಲಿಗೆ ಬಿದ್ದಾಗ ಹ್ಯಾಂಡಲ್ ತುದಿ ನೆಲಕ್ಕೆ ಬಡಿದು ಆ ಹಿಡಿತ ಸ್ವಲ್ಪ ಜಾರುತ್ತದೆ, ಅಷ್ಟೇ.

ನನ್ನ ಚಿಕ್ಕಪ್ಪನ ಮಗ ರಾತ್ರಿ ಹಂಪು ಕಾಣದೆ ಪಲ್ಸರ್ ಸಮೇತ ಬಿದ್ದ. ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಸ್ಟ್ಯಾಂಡಿಗೂ ಹಾಕದೆ ನೋಡಿ, "ಚಾಸಿ ಹೋಗಿದೆ, ಬೆಂಡ್ ತೆಗೆಸಬೇಕು" ಅಂದುಬಿಟ್ಟರು. ಹುಡುಗ ಹೆದರಿ ನನಗೆ ಫೋನ್ ಮಾಡಿದ. ಅಂಗಳದಲ್ಲಿ ಅರ್ಧ ಗಂಟೆ ಕೆಲಸ ಮಾಡಿದೆವು, ಹ್ಯಾಂಡಲ್ ನೆಟ್ಟಗಾಯಿತು. ಒಂದು ರೂಪಾಯಿಯ ಸಾಮಾನೂ ಬೇಕಾಗಲಿಲ್ಲ.

ಮಾಡುವುದು ಹೀಗೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂಭಾಗ ಕೆಳಗೆ ಜಾರದ ಹಾಗೆ ಇಂಜಿನ್ ಕೆಳಗೆ ಮರದ ತುಂಡು ಕೊಡಿ. ಮುಂದಿನ ಆಕ್ಸಲ್ ನಟ್ಟು, ಮಡ್‌ಗಾರ್ಡ್ ಬೋಲ್ಟುಗಳು, ಟೀ ಬೋಲ್ಟುಗಳನ್ನು ಸ್ವಲ್ಪವೇ ಸಡಿಲ ಮಾಡಿ. ಪೂರ್ತಿ ಬಿಚ್ಚಬೇಡಿ. ಮುಂದೆ ನಿಂತು ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ಬೇಕಾದ ಕಡೆಗೆ ತಿರುಗಿಸಿ. ಮೊದಲು ಟೀ ಬೋಲ್ಟು ಬಿಗಿ ಮಾಡಿ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿ ಫೋರ್ಕನ್ನು ನಾಲ್ಕೈದು ಸಲ ಕುಗ್ಗಿಸಿ, ಆಕ್ಸಲ್ ಮತ್ತು ಮಡ್‌ಗಾರ್ಡ್ ಬಿಗಿ ಮಾಡಿ. ಬೋಲ್ಟಿನ ಬಿಗಿ ಎಷ್ಟಿರಬೇಕು ಅನ್ನುವುದು ಆಯಾ ಗಾಡಿಯ ಸರ್ವೀಸ್ ಕೈಪಿಡಿಯಲ್ಲಿರುತ್ತದೆ. ಇಷ್ಟಾದ ಮೇಲೂ ಸರಿ ಹೋಗದಿದ್ದರೆ ಮುಂದಕ್ಕೆ ಓದಿ.

ಹಾಗಾದರೆ ಚಾಸಿ ಬೆಂಡ್ ಅಂದರೆ ಏನು ಬೆಂಡ್ ಆಗಿರುತ್ತದೆ?

ಚಾಸಿಯಲ್ಲಿ ಎರಡು ಜಾಗ ಮುಖ್ಯ. ಒಂದು, ಕೋನ್‌ಸೆಟ್ (ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಬೇರಿಂಗು) ಕೂರುವ ಹೆಡ್ ಪೈಪ್. ಇನ್ನೊಂದು, ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮಿನ ಬೋಲ್ಟು ಹಾದುಹೋಗುವ ತೂತು. ಮುಂದಿನ ಚಕ್ರ ಎಲ್ಲಿರಬೇಕು ಅಂತ ಹೆಡ್ ಪೈಪ್ ಹೇಳುತ್ತದೆ, ಹಿಂದಿನದನ್ನು ಸ್ವಿಂಗ್ ಆರ್ಮ್ ಬೋಲ್ಟು ಹೇಳುತ್ತದೆ. ಇವೆರಡು ಒಂದಕ್ಕೊಂದು ಸರಿಯಾಗಿದ್ದರೆ ಗಾಡಿ ನೆಟ್ಟಗೆ ಓಡುತ್ತದೆ. ಸೀಟಿನ ಕೆಳಗಿನ ಪೈಪು ಚೂರು ಬಾಗಿದರೆ ನೋಡಲು ಚೆನ್ನಾಗಿರುವುದಿಲ್ಲ, ಆದರೆ ಓಡುವುದಕ್ಕೆ ತೊಂದರೆ ಇಲ್ಲ.

ಹೆಡ್ ಪೈಪ್ ಮೂರು ಥರ ಕೆಡಬಹುದು. ಎದುರಿಗೆ ಗುದ್ದಿದರೆ ಅದರ ಕೆಳತುದಿ ಹಿಂದಕ್ಕೆ ಹೋಗುತ್ತದೆ. ಆಗ ಮುಂದಿನ ಚಕ್ರ ಇಂಜಿನ್ ಹತ್ತಿರ ಬರುತ್ತದೆ, ಫೋರ್ಕ್ ಇಳಿಜಾರು ಕಮ್ಮಿಯಾಗಿ ವೇಗದಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ. ಎರಡನೆಯದು, ಪಕ್ಕಕ್ಕೆ ಸರಿಯುವುದು. ಆಗ ಎರಡು ಚಕ್ರ ಎರಡು ದಾರಿ ಹಿಡಿಯುತ್ತವೆ. ಮೂರನೆಯದು ತಿರುಚಿಕೊಳ್ಳುವುದು. ಹಿಂದಿನ ಚಕ್ರ ನೆಟ್ಟಗೆ ನಿಂತಿದ್ದರೆ ಮುಂದಿನದು ವಾಲಿ ನಿಲ್ಲುತ್ತದೆ. ಜೋರಾದ ಅಪಘಾತದಲ್ಲಿ ಈ ಮೂರೂ ಸೇರಿಕೊಂಡಿರುತ್ತವೆ.

ಅಳೆಯುವ ಮೊದಲು ಕಣ್ಣಿಗೆ ಏನು ಕಾಣುತ್ತದೆ?

ಟ್ಯಾಂಕ್ ಬಿಚ್ಚಿ. ಇದು ಮೊದಲ ಕೆಲಸ, ಇದನ್ನು ಬಿಟ್ಟರೆ ಅರ್ಧ ಸತ್ಯ ಮುಚ್ಚಿಯೇ ಇರುತ್ತದೆ. ಹೆಡ್ ಪೈಪಿಗೆ ಬೇರೆ ಪೈಪುಗಳು ಬೆಸುಗೆಯಾಗುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಬಿಟ್ಟರೆ ಪೈಪಿನ ಮೇಲಿನ ಸಣ್ಣ ಸುಕ್ಕು ಕೂಡ ನೆರಳು ಬೀಳಿಸುತ್ತದೆ. ಎದುರಿಗೆ ಗುದ್ದಿದ ಗಾಡಿಯಲ್ಲಿ, ಇಂಜಿನ್ ಮುಂದೆ ಇಳಿಯುವ ಪೈಪಿನಲ್ಲಿ ಹೆಡ್ ಪೈಪಿನ ಸ್ವಲ್ಪ ಕೆಳಗೆ ಈ ಸುಕ್ಕು ಬರುತ್ತದೆ. ಬೆರಳು ಮೇಲಿಂದ ಕೆಳಗೆ ಎಳೆದರೆ ತಿಳಿಯುತ್ತದೆ.

ಪೇಂಟು ಕೂದಲೆಳೆಯ ಹಾಗೆ ಬಿರಿದಿದ್ದು, ಆ ಗೆರೆಯೊಳಗೆ ಕಂದು ಬಣ್ಣದ ತುಕ್ಕು ಕಂಡರೆ ಗಾಬರಿಯಾಗಲೇಬೇಕು. ಅದು ಪೇಂಟಿನ ಬಿರುಕೋ ಲೋಹದ ಬಿರುಕೋ ಗೊತ್ತಾಗಬೇಕಾದರೆ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಸಿ. ಪೇಂಟು ತೆಗೆದು ಕೆಂಪು ಬಣ್ಣ ಹೊಡೆದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿದ್ದರೆ ಕೆಂಪು ಗೆರೆ ಎದ್ದು ಕಾಣುತ್ತದೆ.

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದಾಗ ತಡೆಯುವ ಗಟ್ಟಿಗಳನ್ನೂ ನೋಡಿ. ಒಂದು ಕಡೆಯದು ಮಾತ್ರ ಜಜ್ಜಿದ್ದರೆ ಹ್ಯಾಂಡಲ್ ಜೋರಾಗಿ ಬಡಿದಿದೆ ಅಂತ ಅರ್ಥ. ಇಂಜಿನ್ ಮೌಂಟಿಂಗ್ ಬೋಲ್ಟು ಕೂಡ ಒಳ್ಳೆ ಸಾಕ್ಷಿ. ನಟ್ಟು ತೆಗೆದು ಇಂಜಿನ್ ಭಾರಕ್ಕೆ ಆಸರೆ ಕೊಟ್ಟ ಮೇಲೆ ಬೋಲ್ಟು ಕೈಯಲ್ಲೇ ಸಲೀಸಾಗಿ ಬರಬೇಕು. ಸುತ್ತಿಗೆ ಏಟು ಬೇಕಾದರೆ, ತುಕ್ಕಿನಿಂದಲ್ಲ ಅಂತ ಖಾತ್ರಿಯಾದ ಮೇಲೆ, ಚಾಸಿ ಅಲ್ಲಾಡಿದೆ ಅಂತ ಅನುಮಾನ ಪಡಬಹುದು.

ದಾರ ಕಟ್ಟಿ ನೋಡುವುದು ಹೇಗೆ?

ದಾರ ಕಟ್ಟುವ ಮೊದಲು ಹಿಂದಿನ ಚಕ್ರ ಸ್ವಿಂಗ್ ಆರ್ಮಿನಲ್ಲಿ ನೇರ ಕೂತಿದೆಯಾ ನೋಡಿ. ಚೈನ್ ಅಡ್ಜಸ್ಟರ್ (ಚೈನ್ ಬಿಗಿ ಮಾಡಲು ಹಿಂದಿನ ಆಕ್ಸಲನ್ನು ಸರಿಸುವ ತಿರುಪು) ಮೇಲಿನ ಗೆರೆಗಳನ್ನು ನಂಬಬೇಡಿ. ಸ್ವಿಂಗ್ ಆರ್ಮ್ ಬೋಲ್ಟಿನ ನಡುಮಧ್ಯದಿಂದ ಆಕ್ಸಲ್ ನಡುಮಧ್ಯದವರೆಗೆ ಎರಡೂ ಕಡೆ ಟೇಪಿನಲ್ಲಿ ಅಳೆಯಿರಿ. ಎರಡೂ ಒಂದೇ ಇರಬೇಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎಡ ಬಲ ಅಡ್ಜಸ್ಟರ್‌ಗಳ ನಡುವೆ ಸುಮಾರು 200 ಮಿ.ಮೀ ಅಂತರ ಇದೆ ಅನ್ನಿ. ಮುಂದಿನ ಚಕ್ರ ಅದಕ್ಕಿಂತ ಆರೇಳು ಪಟ್ಟು ದೂರ. ಹಿಂದೆ 1 ಮಿ.ಮೀ ತಪ್ಪಿದರೆ ಮುಂದೆ ದಾರ 6 ಮಿ.ಮೀಗೂ ಜಾಸ್ತಿ ಸರಿಯುತ್ತದೆ! ಪಂಕ್ಚರ್ ಹಾಕಿಸಿ ಚಕ್ರ ಕೂರಿಸುವಾಗ ಆದ ಈ ಚಿಕ್ಕ ತಪ್ಪನ್ನೇ ಜನ ಚಾಸಿ ಬೆಂಡ್ ಅಂದುಕೊಂಡು ಕೊರಗುತ್ತಾರೆ.

ಈಗ ದಾರ. ಗಾಡಿ ನೆಟ್ಟಗೆ ನಿಂತಿರಲಿ. ಹಿಂದಿನ ಟೈರಿನ ಹಿಂಬದಿಗೆ ದಾರ ಸುತ್ತಿ, ಎರಡೂ ಕಡೆಯಿಂದ ಮುಂದಕ್ಕೆ ತನ್ನಿ. ನೆಲದಿಂದ ಒಂದು ಗೇಣಿನಷ್ಟು ಎತ್ತರ ಇರಲಿ. ಸ್ಟ್ಯಾಂಡಿಗಾಗಲಿ ಸೈಲೆನ್ಸರಿಗಾಗಲಿ ಎಲ್ಲೂ ತಗುಲಬಾರದು. ಮುಂದಿನ ಚಕ್ರ ದಾಟಿದ ಮೇಲೆ ದಾರದ ಎರಡು ತುದಿಯನ್ನೂ ಎರಡು ಕುರ್ಚಿ ಕಾಲಿಗೆ ಬಿಗಿಯಾಗಿ ಕಟ್ಟಿ. ಈಗ ಕುರ್ಚಿಯನ್ನು ಕೂದಲೆಳೆಯಷ್ಟೇ ಒಳಕ್ಕೆ ತಳ್ಳುತ್ತಾ ಬನ್ನಿ. ದಾರ ಹಿಂದಿನ ಟೈರಿನ ಮುಂಭಾಗದ ಅಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ಇದ್ದಾಗ ನಿಲ್ಲಿಸಿ. ಟೈರಿಗೂ ದಾರಕ್ಕೂ ನಡುವೆ ಬೆಳಕು ಕಾಣಿಸಿ ಮಾಯವಾಗುವ ಆ ಕ್ಷಣ ಹಿಡಿಯಬೇಕು. ಮನೆಯಲ್ಲಿ ಮಕ್ಕಳಿದ್ದರೆ ನೆಲದ ಮೇಲೆ ಮಲಗಿ ಅದನ್ನು ನೋಡುವ ಕೆಲಸ ಅವರಿಗೆ ಕೊಡಿ. ಅವರ ಕಣ್ಣು ಚುರುಕು, ಕುತ್ತಿಗೆಯೂ ನೋಯುವುದಿಲ್ಲ.

ಎರಡೂ ಕಡೆ ಹೀಗೆ ಮಾಡಿದರೆ ದಾರಗಳು ಹಿಂದಿನ ಚಕ್ರಕ್ಕೆ ಸಮಾನಾಂತರ ಆದವು. ಇನ್ನು ಮುಂದಿನ ಚಕ್ರವನ್ನು ನೇರ ಹಿಡಿಯಿರಿ. ನೇರ ಅಂದರೆ, ಒಂದೇ ಕಡೆಯಲ್ಲಿ ಟೈರಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಅಂತರ ಒಂದೇ ಇರಬೇಕು. ಆಮೇಲೆ ಎಡಗಡೆ ಅಂತರ, ಬಲಗಡೆ ಅಂತರ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ.

ಯಮಹಾ ಆರ್15 ಮೂರನೇ ಆವೃತ್ತಿಯಲ್ಲಿ ಮುಂದಿನ ಟೈರು 100, ಹಿಂದಿನದು 140 ಅಗಲ. ವ್ಯತ್ಯಾಸ 40. ಹಾಗಾಗಿ ಎರಡೂ ಕಡೆ 20 ಮಿ.ಮೀ ಆಸುಪಾಸು ಬರಬೇಕು. ಎಡಕ್ಕೆ 24, ಬಲಕ್ಕೆ 16 ಬಂದರೆ ಮುಂದಿನ ಚಕ್ರ 4 ಮಿ.ಮೀ ಬಲಕ್ಕಿದೆ ಅಂತ ಅರ್ಥ. ಎರಡರ ವ್ಯತ್ಯಾಸದ ಅರ್ಧ ತೆಗೆದುಕೊಳ್ಳಬೇಕು, ಪೂರ್ತಿ ಅಲ್ಲ.

ಒಂದು ಸಲ ಅಳೆದು ತೀರ್ಮಾನ ಮಾಡಬೇಡಿ. ದಾರ ಬಿಚ್ಚಿ ಮತ್ತೆ ಕಟ್ಟಿ ಅಳೆಯಿರಿ. ಮೂರು ಸಲವೂ ಹತ್ತಿರ ಹತ್ತಿರ ಬಂದರೆ ಆ ಲೆಕ್ಕವನ್ನು ನಂಬಬಹುದು.

ನನ್ನದು ಸ್ಪ್ಲೆಂಡರ್. ಎರಡೂ ಟೈರ್ ಒಂದೇ ಅಗಲ, ದಾರ ಎರಡಕ್ಕೂ ತಗುಲುತ್ತಲ್ಲ?

ಹೌದು, ಸ್ಪ್ಲೆಂಡರ್ ಪ್ಲಸ್‌ನಲ್ಲಿ ಎರಡೂ 80/100-18. ಹಿಂದಿನ ಟೈರಿನ ಮುಂದೆ, ಹಿಂದೆ, ಎರಡೂ ಪಕ್ಕದಲ್ಲಿ ಒಂದೇ ದಪ್ಪದ ಚೂರುಗಳನ್ನು ಟೇಪಿನಿಂದ ಅಂಟಿಸಿ. ಒಂದೇ ಪ್ಲೈವುಡ್ಡಿನಿಂದ ಕತ್ತರಿಸಿದ ನಾಲ್ಕು ತುಂಡು ಸಾಕು. ದಾರ ಆ ಚೂರುಗಳ ಮೇಲೆ ಹಾದುಹೋಗಲಿ. ಉಳಿದದ್ದೆಲ್ಲ ಮೊದಲಿನ ಹಾಗೇ.

ದಾರದ ಬದಲು ಗಾರೆಯವರು ಗೋಡೆ ಸವರುವ ಉದ್ದನೆಯ ಅಲ್ಯುಮಿನಿಯಂ ಪಟ್ಟಿ ಎರಡು ಸಿಕ್ಕರೂ ಆಗುತ್ತದೆ. ಮೊದಲು ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ನೋಡಿ, ಪಟ್ಟಿಯೇ ಸೊಟ್ಟ ಇದ್ದರೆ ಎಲ್ಲ ವ್ಯರ್ಥ.

ಮುಂದಿನ ಚಕ್ರ ವಾಲಿದೆಯಾ ಅಂತ ನೋಡುವುದು ಹೇಗೆ?

ದಾರಕ್ಕೆ ಇದು ಗೊತ್ತಾಗುವುದಿಲ್ಲ. ಇದಕ್ಕೆ ತೂಕದ ಗುಂಡು ಬೇಕು. ಹಿಂದಿನ ಚಕ್ರದ ಪಕ್ಕ ಗುಂಡು ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಅಂತರ ಅಳೆಯಿರಿ. ಎರಡೂ ಒಂದೇ ಬರುವವರೆಗೆ ಸೆಂಟರ್ ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ರಟ್ಟಿನ ಚೂರು ಕೊಡುತ್ತಾ ಹೋಗಿ. ನೆಲ ಸಮ ಇಲ್ಲದಿದ್ದರೂ ಚಿಂತೆ ಇಲ್ಲ. ಆಮೇಲೆ ಮುಂದಿನ ಚಕ್ರ ನೇರ ಹಿಡಿದು ಅದಕ್ಕೂ ಹಾಗೇ ಮಾಡಿ. ಅಲ್ಲೂ ಮೇಲೆ ಕೆಳಗೆ ಒಂದೇ ಬಂದರೆ ಚಾಸಿ ತಿರುಚಿಲ್ಲ. ಇದಕ್ಕೆ ಮುಂಚೆ ಚಕ್ರ ತಿರುಗಿಸಿ ರಿಮ್ಮು ಅಲ್ಲಾಡುತ್ತಿಲ್ಲ ಅಂತ ನೋಡಿಕೊಂಡಿರಬೇಕು.

ಅಳತೆ ತಪ್ಪಿದೆ. ಆದರೆ ಬೆಂಡ್ ಆಗಿರುವುದು ಫೋರ್ಕೋ ಚಾಸಿಯೋ?

ಇದೇ ನಿಜವಾದ ಪ್ರಶ್ನೆ. ಹೊರಗಿನಿಂದ ಒಳಕ್ಕೆ ಒಂದೊಂದನ್ನೇ ತಳ್ಳಿಹಾಕುತ್ತಾ ಬರಬೇಕು. ರಿಮ್ಮು, ಆಕ್ಸಲ್, ಆಕ್ಸಲ್ ಮೇಲೆ ಚಕ್ರದ ಎರಡೂ ಪಕ್ಕ ಬರುವ ಬುಷ್ಷುಗಳು ಅದಲು ಬದಲಾಗಿವೆಯಾ, ಆಮೇಲೆ ಫೋರ್ಕ್ ಪೈಪು, ಆಮೇಲೆ ಟೀ, ಹಿಂದೆ ಸ್ವಿಂಗ್ ಆರ್ಮ್ ಮತ್ತು ಅದರ ಬುಷ್ಷು. ಇವೆಲ್ಲ ಸರಿಯಿದ್ದರೂ ಅಳತೆ ತಪ್ಪಿದರೆ ಆಗ ಚಾಸಿ.

ಆಕ್ಸಲ್ ತೆಗೆದು ದಪ್ಪ ಗಾಜಿನ ಮೇಲೆ ಉರುಳಿಸಿ. ಬೆಂಡ್ ಇದ್ದರೆ ಕುಂಟುತ್ತಾ ಉರುಳುತ್ತದೆ. ಫೋರ್ಕ್ ಪೈಪನ್ನೂ ಹೀಗೇ ನೋಡಬಹುದು. ಸರಿಯಾದ ಲೆಕ್ಕ ಬೇಕಾದರೆ ಲೇಥಿನವರ ಹತ್ತಿರ ಹೋಗಿ. ವಿ ಆಕಾರದ ಎರಡು ದಿಮ್ಮಿ ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸುತ್ತಾರೆ. ಹೋಂಡಾ, ಯಮಹಾ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 0.2 ಮಿ.ಮೀ ಮಿತಿ ಕೊಟ್ಟಿರುತ್ತಾರೆ.

ಫೋರ್ಕ್ ಪೈಪನ್ನು ಹೊರಗೆ ತೆಗೆಯದೆ ನೋಡುವ ದಾರಿಯೂ ಇದೆ. ಚಕ್ರ ತೆಗೆದು, ಟೀ ಸಡಿಲ ಮಾಡಿ, ಒಂದು ಫೋರ್ಕ್ ಪೈಪನ್ನು ಅದರ ಜಾಗದಲ್ಲೇ ಅರ್ಧ ಸುತ್ತು ತಿರುಗಿಸಿ. ಅದರ ಕೆಳತುದಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಪೈಪೇ ಬೆಂಡ್. ಎಷ್ಟು ತಿರುಗಿಸಿದರೂ ತುದಿ ಒಂದೇ ಕಡೆ ನಿಂತರೆ ಪೈಪು ಸರಿ, ತಪ್ಪು ಅದಕ್ಕಿಂತ ಮೇಲೆ, ಟೀಯಲ್ಲೋ ಚಾಸಿಯಲ್ಲೋ ಇದೆ.

ಹೆಡ್ ಪೈಪಿನೊಳಗೆ ಕೂರುವ ಟೀ ಕಾಂಡ ಬೆಂಡ್ ಆಗಿದ್ದರೆ ಹ್ಯಾಂಡಲೇ ಹೇಳುತ್ತದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅನ್ನಿಸುತ್ತದೆ. ನಡುವಿನಲ್ಲಿ ಮಾತ್ರ ಗಕ್ಕನೆ ಕಚ್ಚಿಕೊಂಡರೆ ಅದು ಕೋನ್‌ಸೆಟ್ ಹೋಗಿರುವುದು, ಬೆಂಡ್ ಅಲ್ಲ.

ಎಷ್ಟು ಮಿ.ಮೀ ತನಕ ಪರವಾಗಿಲ್ಲ?

ನನ್ನ ಲೆಕ್ಕ ಹೇಳುತ್ತೇನೆ. ಪಕ್ಕಕ್ಕೆ 3-4 ಮಿ.ಮೀ ಇದ್ದು, ಗಾಡಿ ನೆಟ್ಟಗೆ ಓಡುತ್ತಿದ್ದರೆ ನಾನು ಮುಟ್ಟುವುದಿಲ್ಲ. ನಮ್ಮ ದಾರದ ತಪ್ಪೇ ಅಷ್ಟಿರಬಹುದು. 7-8 ದಾಟಿದರೆ ಕಾರಣ ಸಿಗುವವರೆಗೆ ಬಿಡುವುದಿಲ್ಲ. ವಾಲಿರುವುದರಲ್ಲಿ ನಾನು ಇನ್ನೂ ಬಿಗಿ. ರಿಮ್ಮಿನ ಮೇಲೆ ಕೆಳಗೆ 3 ಮಿ.ಮೀ ವ್ಯತ್ಯಾಸ ಬಂದರೆ ಹುಡುಕಲು ಶುರು ಮಾಡುತ್ತೇನೆ. ಕೆಲವು ದೊಡ್ಡ ಗಾಡಿಗಳಲ್ಲಿ ಕಂಪನಿಯೇ ಹಿಂದಿನ ಚಕ್ರವನ್ನು ಬೇಕೆಂದೇ ಸ್ವಲ್ಪ ಪಕ್ಕಕ್ಕೆ ಇಟ್ಟಿರುತ್ತದೆ. ಅಂಥ ಗಾಡಿಯಲ್ಲಿ ಕೈಪಿಡಿ ನೋಡದೆ ಏನೂ ಹೇಳಬಾರದು.

ಹೆಡ್ ಪೈಪ್ ಹಿಂದಕ್ಕೆ ಹೋಗಿದೆಯಾ ಅಂತ ತಿಳಿಯುವುದು ಹೇಗೆ?

ವೀಲ್‌ಬೇಸ್ ಅಳೆಯಿರಿ. ಎರಡು ಆಕ್ಸಲ್‌ಗಳ ನಡುವಿನ ದೂರ. ಸ್ಪ್ಲೆಂಡರ್ ಪ್ಲಸ್‌ಗೆ 1236 ಮಿ.ಮೀ, ಹೊಸ ಕ್ಲಾಸಿಕ್ 350ಗೆ 1390. ನಿಮ್ಮ ಗಾಡಿಯದು ಓನರ್ಸ್ ಪುಸ್ತಕದಲ್ಲಿರುತ್ತದೆ. ಚೈನ್ ಎಳೆದಂತೆ ಹಿಂದಿನ ಆಕ್ಸಲ್ ಹಿಂದಕ್ಕೆ ಹೋಗುವುದರಿಂದ ಕೆಲವು ಮಿ.ಮೀ ಜಾಸ್ತಿ ಬರುವುದು ಸಹಜ. ಕಮ್ಮಿ ಬರುವುದು ಸಹಜ ಅಲ್ಲ. 10-15 ಮಿ.ಮೀ ಕಮ್ಮಿ ಬಂದರೆ ಫೋರ್ಕಾದರೂ ಹೆಡ್ ಪೈಪಾದರೂ ಹಿಂದಕ್ಕೆ ಹೋಗಿದೆ. ಅದೇ ಮಾಡೆಲಿನ ಸ್ನೇಹಿತರ ಗಾಡಿ ಪಕ್ಕದಲ್ಲಿ ನಿಲ್ಲಿಸಿ, ಮುಂದಿನ ಟೈರಿಗೂ ಇಂಜಿನ್ ಮುಂದಿನ ಪೈಪಿಗೂ ಇರುವ ಜಾಗ ಹೋಲಿಸಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಗಾಡಿ ಓಡಿಸುವಾಗ ಎಡಕ್ಕೆ ಎಳೆಯುತ್ತದೆ. ಇದು ಚಾಸಿಯಿಂದಾನಾ?

ರಸ್ತೆ ಮೊದಲು ನೋಡಿ. ನೀರು ಹರಿಯಲಿ ಅಂತ ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಾವು ಎಡಗಡೆ ಓಡಿಸುತ್ತೇವೆ, ಗಾಡಿ ಎಡಕ್ಕೆ ಜಾರುತ್ತದೆ. ಒಂದು ಸಮತಟ್ಟಾದ ಖಾಲಿ ಮೈದಾನದಲ್ಲಿ ಹೋಗುವಾಗ, ಬರುವಾಗ, ಎರಡೂ ದಿಕ್ಕಿನಲ್ಲಿ ಹ್ಯಾಂಡಲ್ ಹಗುರಕ್ಕೆ ಹಿಡಿದು ನೋಡಿ. ಎರಡರಲ್ಲೂ ಎಡಕ್ಕೇ ಎಳೆದರೆ ಮಾತ್ರ ಗಾಡಿಯ ದೋಷ. ಆಗಲೂ ಒಂದು ಕಡೆ ಸವೆದ ಟೈರು, ಬಿಗಿಯಾದ ಕೋನ್‌ಸೆಟ್, ಸೊಟ್ಟ ಕೂತ ಹಿಂದಿನ ಚಕ್ರ, ಒಂದೇ ಕಡೆ ತೂಗುಹಾಕಿದ ಸೈಡ್ ಬಾಕ್ಸ್ ಇವೆಲ್ಲ ಚಾಸಿಗಿಂತ ಮೊದಲು ಬರುತ್ತವೆ. ರಸ್ತೆಯಲ್ಲಿ ಎರಡೂ ಕೈ ಬಿಟ್ಟು ಪರೀಕ್ಷೆ ಮಾಡಬೇಡಿ. ಚಾಸಿ ನಿಜವಾಗಿ ಕೆಟ್ಟಿದ್ದರೆ ಅಲ್ಲೇ ಬೀಳುತ್ತೀರಿ.

ಸ್ಕೂಟರಿಗೂ ಇದೇನಾ?

ದಾರದ ಲೆಕ್ಕ ಅದೇ. ಆದರೆ ಸ್ಕೂಟರಿನಲ್ಲಿ ಇಂಜಿನ್ನೇ ಸ್ವಿಂಗ್ ಆರ್ಮಿನ ಹಾಗೆ ಹಿಂದಿನ ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ. ಅದನ್ನು ಚಾಸಿಗೆ ಸೇರಿಸುವ ಹ್ಯಾಂಗರ್ ಬುಷ್ಷು ಸವೆದರೆ ಚಕ್ರ ವಾಲುತ್ತದೆ. ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಲೊಡಲೊಡ ಅಂದರೆ ಬುಷ್ಷು ಬದಲಿಸಿ, ಆಮೇಲೆ ಅಳೆಯಿರಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ದಾರ ಕಟ್ಟಲು ಬಿಡುತ್ತಾರಾ?

ಬಿಡದಿದ್ದರೆ ಹತ್ತು ನಿಮಿಷದ ಕೆಲಸ ಮಾಡಿ. ಹಿಂದೆ ಹತ್ತು ಅಡಿ ದೂರ ಕೂತು, ಹಿಂದಿನ ಟೈರಿನ ಅಂಚಿನ ನೇರಕ್ಕೆ ಮುಂದಿನ ಟೈರು ಎರಡೂ ಕಡೆ ಒಂದೇ ಥರ ಕಾಣುತ್ತದೆಯಾ ನೋಡಿ. ಹೆಡ್ ಪೈಪ್ ಮೇಲೆ ಹೊಸ ಪೇಂಟು ಇದ್ದು ಉಳಿದ ಚಾಸಿ ಹಳೆಯದಾಗಿದ್ದರೆ ಕಾರಣ ಕೇಳಿ. ಒಂದು ಫೋರ್ಕ್ ಮಾತ್ರ ಹೊಸದಾಗಿದ್ದರೂ ಕೇಳಿ. ಚಾಸಿ ನಂಬರು ಹೆಚ್ಚಿನ ಗಾಡಿಗಳಲ್ಲಿ ಹೆಡ್ ಪೈಪ್ ಮೇಲೆಯೇ ಇರುತ್ತದೆ. ಅದರ ಸುತ್ತ ಉಜ್ಜಿದ ಗುರುತಾಗಲಿ ಬೆಸುಗೆಯಾಗಲಿ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ.

ನಾನೊಂದು ಗಾಡಿ ಹೀಗೆ ಕೊಂಡು ನೊಂದಿದ್ದೇನೆ. ಟ್ಯಾಂಕ್ ಕೆಳಗೆ ಕೈ ಹಾಕಿದಾಗ ಪೇಂಟು ದಪ್ಪ ಅನ್ನಿಸಿತ್ತು, ಮಾರುವವರು ತುಕ್ಕಿಗೆ ಹೊಡೆಸಿದ್ದು ಅಂದರು, ಒಪ್ಪಿಕೊಂಡೆ. ಮನೆಗೆ ತಂದು ಉಜ್ಜಿದಾಗ ಪುಟ್ಟಿ ಉದುರಿ, ಅದರ ಕೆಳಗೆ ಪೈಪಿನ ಸುಕ್ಕು ಕಂಡಿತು.

ಬೆಂಡ್ ತೆಗೆಸಿದರೆ ಗಾಡಿ ಸರಿ ಹೋಗುತ್ತದಾ?

ಉಕ್ಕಿನ ಪೈಪಿನ ಚಾಸಿಯಲ್ಲಿ ಸಣ್ಣ ಬೆಂಡನ್ನು ಜಿಗ್ಗಿನಲ್ಲಿ (ಚಾಸಿ ಅಲ್ಲಾಡದ ಹಾಗೆ ಹಿಡಿಯುವ ಗಟ್ಟಿ ಚೌಕಟ್ಟು) ಕಟ್ಟಿ, ಕಾಯಿಸದೆ, ಅಳೆಯುತ್ತಾ ನಿಧಾನಕ್ಕೆ ಎಳೆದರೆ ಸರಿ ಮಾಡಬಹುದು. ಇಲ್ಲಿ ಅಳತೆಯೇ ಕೆಲಸ, ಎಳೆಯುವುದು ಆಮೇಲಿನದು. ನೆಲಕ್ಕೆ ಸರಪಳಿ ಕಟ್ಟಿ, ಗ್ಯಾಸ್ ಕಟರಿನಲ್ಲಿ ಕೆಂಪಗೆ ಕಾಯಿಸಿ ಜಗ್ಗುವವರಿಗೆ ದಯವಿಟ್ಟು ಕೊಡಬೇಡಿ. ಹಾಗೆ ಕಾದ ಉಕ್ಕಿನ ಬಲ ಮೊದಲಿನ ಹಾಗೆ ಉಳಿಯುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಹೆಡ್ ಪೈಪ್ ಹತ್ತಿರ ಪೈಪು ಸುಕ್ಕಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ನಾನು ಚಾಸಿಯನ್ನೇ ಬದಲಿಸುತ್ತೇನೆ. ಅಲ್ಯುಮಿನಿಯಂ ಚಾಸಿಯಾದರೆ ಮಾಮೂಲಿ ಗ್ಯಾರೇಜಿನಲ್ಲಿ ಮುಟ್ಟಿಸಲೇಬೇಡಿ.

ಇನ್ಶೂರೆನ್ಸ್, ಆರ್‌ಟಿಒ ವಿಷಯ?

ಏನನ್ನೂ ಬಿಚ್ಚುವ ಮೊದಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿ. ಸರ್ವೇಯರ್ ಬರುವ ಮೊದಲು ರಿಪೇರಿ ಮಾಡಿಸಬೇಡಿ. ರಿಪೇರಿ ಖರ್ಚು ಪಾಲಿಸಿಯಲ್ಲಿ ಗಾಡಿಯ ಬೆಲೆ ಅಂತ ಬರೆದಿರುವ ಐಡಿವಿಯ 75% ದಾಟಿದರೆ ಸಾಮಾನ್ಯವಾಗಿ ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು, ಅಂತ ಲೆಕ್ಕ ಹಾಕುತ್ತಾರೆ. ಚಾಸಿ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಆರ್‌ಸಿಯಲ್ಲಿರುವ ವಿವರ ಗಾಡಿ ಮಾಡಿದ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ.

ಹಳೇ ಯೆಜ್ಡಿ ಪೂರ್ತಿ ಬಿಚ್ಚಿದ್ದೇನೆ. ಬರಿ ಚಾಸಿಯನ್ನು ಹೇಗೆ ನೋಡಲಿ?

ಪೇಂಟಿಗೆ ಕೊಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹೊಸ ಚಾಸಿ ಅಂಗಡಿಯಲ್ಲಿ ಸಿಗುವ ಮಾತಿಲ್ಲ, ಇರುವುದನ್ನೇ ಜೋಪಾನ ಮಾಡಬೇಕು.

ಸ್ವಿಂಗ್ ಆರ್ಮ್ ತೂತಿಗೆ ಬಿಗಿಯಾಗಿ ಕೂರುವ ಉದ್ದನೆಯ ನೇರ ಸರಳು ತೂರಿಸಿ. ಹೆಡ್ ಪೈಪಿಗೂ ಲೇಥಿನಲ್ಲಿ ಎರಡು ಬಿರಡೆ ಮಾಡಿಸಿ ಒಂದು ಸರಳು ಹಾಕಿ. ಸ್ವಿಂಗ್ ಆರ್ಮ್ ಸರಳಿನ ಮೇಲೆ ಚಾಸಿಯ ಮಧ್ಯದಿಂದ ಎಡಕ್ಕೂ ಬಲಕ್ಕೂ ಒಂದೇ ದೂರದಲ್ಲಿ ಗುರುತು ಹಾಕಿ. ಹೆಡ್ ಪೈಪ್ ಸರಳಿನ ಮೇಲ್ತುದಿಯಿಂದ ಆ ಎರಡು ಗುರುತಿಗೂ ಟೇಪು ಹಿಡಿಯಿರಿ. ಆಮೇಲೆ ಕೆಳತುದಿಯಿಂದಲೂ ಹಿಡಿಯಿರಿ. ಎಡ ಬಲ ಎರಡರಲ್ಲೂ ಸಮ ಬಂದರೆ ಚಾಸಿ ನೆಟ್ಟಗಿದೆ. ಮೇಲ್ತುದಿಯಲ್ಲಿ ಎಡಕ್ಕೆ ಜಾಸ್ತಿ, ಕೆಳತುದಿಯಲ್ಲಿ ಬಲಕ್ಕೆ ಜಾಸ್ತಿ ಬಂದರೆ ತಿರುಚಿದೆ. ಎರಡರಲ್ಲೂ ಒಂದೇ ಕಡೆಗೆ ಅಷ್ಟೇ ಜಾಸ್ತಿ ಬಂದರೆ ಪಕ್ಕಕ್ಕೆ ಸರಿದಿದೆ.

ನಾನು ಅಳೆದಿದ್ದೇನೆ. ಆದರೆ ಮೆಕ್ಯಾನಿಕ್ ಒಪ್ಪುತ್ತಿಲ್ಲ. ಏನು ಮಾಡಲಿ?

ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು, ದಾರ ಕಟ್ಟಿದ ಫೋಟೋ ಜೊತೆಗೆ ತೋರಿಸಿ. "ಅಣ್ಣಾ, ಎಡಕ್ಕೆ 24 ಬಂತು, ಬಲಕ್ಕೆ 16, ಹಿಂದಿನ ಚಕ್ರ ಮೊದಲೇ ನೇರ ಮಾಡಿದ್ದೆ, ನೀವೂ ಒಂದ್ಸಲ ನೋಡ್ತೀರಾ?" ಅಂತ ಕೇಳಿ. ಕೆಲಸ ಗೊತ್ತಿರುವವರು ಆ ಹಾಳೆ ಕೈಗೆ ತೆಗೆದುಕೊಂಡು ತಾವೂ ಕೂತು ನೋಡುತ್ತಾರೆ. ನೋಡಲು ಒಪ್ಪದೆ ಸುಮ್ನೆ ಬೆಂಡ್ ಅಂತಲೋ ಏನಿಲ್ಲ ಅಂತಲೋ ಅಂದರೆ, ಗಾಡಿ ತಳ್ಳಿಕೊಂಡು ಇನ್ನೊಂದು ಗ್ಯಾರೇಜಿಗೆ ಹೋಗಿ.